ಸೀಟು ಸಿಕ್ಕಿತು ಸರಿ, ದಾರಿ ನೋಡಿದ್ರಾ?

‘ಎಂಥ ಮಾರಾಯ್ತಿ, ಮಗನ ಅಡ್ಮಿಷನ್ ಆಯ್ತಾ?’
‘ಆಯ್ತು. ಯೂನಿಫಾರ್ಮು, ಬುಕ್ಸು, ಶೂ ಎಲ್ಲ ತಗೊಂಡಾಯ್ತು.’
‘ದಿನಾ ಹೋಗೋದು ಹೇಗೆ?’
‘ಅದೊಂದು ನೋಡ್ಬೇಕು. ಸ್ಕೂಲ್ ಶುರುವಾಗ್ಲಿ, ಏನಾದ್ರೂ ಆಗ್ತದೆ.’

ಮೇ ತಿಂಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಯಾವ ಮನೆಯ ಫೋನಿಗೆ ಕಿವಿಗೊಟ್ಟರೂ ಇದೇ ಮಾತು ಕೇಳುತ್ತದೆ. ಸೀಟಿಗಾಗಿ ವಾರಗಟ್ಟಲೆ ಓಡಾಡುತ್ತೇವೆ. ಯಾವ ಶಾಲೆಯಲ್ಲಿ ಫಲಿತಾಂಶ ಚೆನ್ನಾಗಿದೆ, ಯಾವ ಟೀಚರ್ ಗಣಿತ ಚೆನ್ನಾಗಿ ಹೇಳಿಕೊಡುತ್ತಾರೆ ಎಂದು ಹತ್ತು ಜನರನ್ನು ವಿಚಾರಿಸುತ್ತೇವೆ. ಆದರೆ ಮಗು ದಿನಾ ಎರಡು ಹೊತ್ತು ತುಳಿಯಬೇಕಾದ ದಾರಿಯ ವಿಷಯ ಬಂದಾಗ ಮಾತ್ರ ‘ಏನಾದ್ರೂ ಆಗ್ತದೆ’ ಅಂತ ಬಿಟ್ಟುಬಿಡುತ್ತೇವೆ. ಹೌದಲ್ವಾ?

ನೀವು ಪೇಟೆಯಲ್ಲೇ ಇರುವವರಾಗಿರಬಹುದು. ಅಥವಾ ಮಲೆನಾಡಿನ ಎಷ್ಟೋ ಹೆಣ್ಣುಮಕ್ಕಳ ಹಾಗೆ, ಯಜಮಾನರನ್ನು ತೋಟದ ಮನೆಯಲ್ಲಿ ಬಿಟ್ಟು, ಮಕ್ಕಳ ಓದಿಗಾಗಿ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಎರಡು ಒಲೆ ಹೊತ್ತಿಸುತ್ತಿರಬಹುದು. ಹಾಗೆ ಬಾಡಿಗೆ ಮನೆ ಮಾಡಿದ್ದೂ ದಾರಿಯ ಸಲುವಾಗಿಯೇ ತಾನೆ? ಬೆಟ್ಟದ ಊರಿನಲ್ಲಿ ಶಾಲೆ ಆರಿಸುವುದು ಎಂದರೆ ಅರ್ಧ ದಾರಿ ಆರಿಸಿದಂತೆ. ಅದನ್ನು ಶುಲ್ಕ ಕಟ್ಟುವ ಮೊದಲೇ ಯೋಚಿಸಬೇಕು ಎಂಬುದೇ ಈ ವಾರದ ಮಾತು.

ಬಿಸಿಲಲ್ಲಿ ಅಡ್ಮಿಷನ್, ಮಳೆಯಲ್ಲಿ ಶಾಲೆ

ನಾವು ಶಾಲೆ ನೋಡಲು ಹೋಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಆಗ ಹಳ್ಳ ಒಣಗಿರುತ್ತದೆ, ಮಣ್ಣಿನ ರಸ್ತೆ ಗಟ್ಟಿಯಾಗಿರುತ್ತದೆ, ಸಂಜೆ ಆರೂವರೆಗೂ ಬೆಳಕಿರುತ್ತದೆ. ‘ಎಷ್ಟು ದೂರ ಮಹಾ? ಅರ್ಧ ಗಂಟೆ’ ಅನ್ನಿಸುತ್ತದೆ. ಶಾಲೆ ಶುರುವಾದ ವಾರಕ್ಕೇ ಮುಂಗಾರು. ಆರಿದ್ರಾ, ಪುನರ್ವಸು, ಪುಷ್ಯ ಅಂತ ಒಂದರ ಹಿಂದೆ ಒಂದು ಮಳೆ ಹಿಡಿದರೆ ಅದೇ ಅರ್ಧ ಗಂಟೆ ಒಂದು ಗಂಟೆಯಾಗುತ್ತದೆ. ಮರ ಬಿದ್ದರೆ, ಧರೆ ಕುಸಿದರೆ ಲೆಕ್ಕವೇ ಇಲ್ಲ. ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗ ಎಷ್ಟು ಸಲ ಮುಳುಗಿದೆ ಎಂಬುದು ಆ ಕಡೆಯವರಿಗೆ ಗೊತ್ತು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದು, ಚಾರ್ಮಾಡಿ ಘಾಟಿ ಮುಚ್ಚಿದ್ದನ್ನು ಯಾರೂ ಮರೆತಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮಗು ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಅಂದರೆ ದಿನಕ್ಕೆ ಮೂರು ಗಂಟೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ಆ ಲೆಕ್ಕದಲ್ಲಿ ವರ್ಷಕ್ಕೆ 660 ಗಂಟೆ ರಸ್ತೆಯ ಮೇಲೆ! ದಿನಕ್ಕೆ ಆರು ಗಂಟೆ ಶಾಲೆ ಅಂದುಕೊಂಡರೆ ಇದು 110 ದಿನಗಳ ಶಾಲೆಗೆ ಸಮ. ದೂರದ ಶಾಲೆಯಲ್ಲಿ ಪಾಠ ಎಷ್ಟೇ ಚೆನ್ನಾಗಿರಲಿ, ಬೆಳಿಗ್ಗೆ ಏಳಕ್ಕೆ ಅರ್ಧ ದೋಸೆ ತಿಂದು ಹೊರಟು, ಸಂಜೆ ಆರೂವರೆಗೆ ನೆನೆದು ಬರುವ ಮಗುವಿಗೆ ಹೋಮ್‌ವರ್ಕ್ ಮಾಡುವ ಶಕ್ತಿ ಎಲ್ಲಿ ಉಳಿದಿರುತ್ತದೆ?

ಹಾಗಾಗಿ ಮೊದಲ ಕಿವಿಮಾತು: ಶುಲ್ಕ ಕಟ್ಟುವ ಮೊದಲು ಒಂದು ದಿನ, ಶಾಲೆಯ ಸಮಯಕ್ಕೆ ಸರಿಯಾಗಿ, ಮಗುವನ್ನು ಕರೆದುಕೊಂಡು ಆ ದಾರಿಯಲ್ಲೇ ಹೋಗಿ ಬನ್ನಿ. ನಿಮ್ಮ ಕಾರಿನಲ್ಲಿ ಅಲ್ಲ. ಮಗು ಮುಂದೆ ಹೋಗಲಿರುವ ಬಸ್ಸಿನಲ್ಲೋ, ವ್ಯಾನಿನಲ್ಲೋ, ನಡೆದೋ ಹೋಗಿ. ‘ಜುಲೈನಲ್ಲಿ ಈ ಹಳ್ಳ ಹೇಗಿರ್ತದೆ?’ ಅಂತ ಅಲ್ಲಿಯವರನ್ನು ಕೇಳಿ. ಶಾಲೆಯ ಕಟ್ಟಡ ನೋಡುವುದಕ್ಕಿಂತ ಇದರಿಂದ ಹೆಚ್ಚು ತಿಳಿಯುತ್ತದೆ.

ಹತ್ತಿರದ ಶಾಲೆ ಎಂದರೆ ಎಷ್ಟು ಹತ್ತಿರ?

ಮಗುವಿಗೆ ಹತ್ತಿರದಲ್ಲಿ ಶಾಲೆ ಇರಬೇಕು ಎಂಬುದು ಬರೀ ಆಸೆಯಲ್ಲ, ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ನಾವೆಲ್ಲ ಹೇಳುವ ಆರ್‌ಟಿಇ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದ ನಿಯಮಗಳು ಬಂದದ್ದು 2012ರಲ್ಲಿ. ಅದರಂತೆ ಒಂದರಿಂದ ಐದನೇ ತರಗತಿಯವರೆಗೆ 1 ಕಿ.ಮೀ., ಆರರಿಂದ ಎಂಟನೇ ತರಗತಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು.

ಬಯಲುಸೀಮೆಯಲ್ಲಿ ಒಂದು ಕಿಲೋಮೀಟರ್ ಅಂದರೆ ಕಣ್ಣಳತೆಯ ದೂರ. ನಮ್ಮಲ್ಲಿ ಹಾಗಲ್ಲ. ಮಧ್ಯೆ ಒಂದು ಹಳ್ಳ, ಒಂದು ಏರು, ಒಂದು ಕಾಡಿನ ತುಂಡು. ಇದನ್ನೂ ಯೋಚಿಸಿದ್ದಾರೆ. ಕೇಂದ್ರ 2010ರಲ್ಲಿ ಮಾಡಿದ ನಿಯಮದಲ್ಲಿ, ಗುಡ್ಡ ಕುಸಿತ, ಪ್ರವಾಹ, ರಸ್ತೆ ಇಲ್ಲದಿರುವುದು ಇಂಥ ಅಪಾಯಗಳಿರುವ ಕಡೆ ಈ ದೂರದ ಮಿತಿಯನ್ನು ಇನ್ನೂ ಕಡಿಮೆ ಮಾಡಿ, ಅಪಾಯ ತಪ್ಪುವ ಹಾಗೆ ಶಾಲೆ ಇರಬೇಕು ಎಂದಿದೆ. ಶಾಲೆಯೇ ಇಲ್ಲದ ಸಣ್ಣ ಊರುಗಳ ಮಕ್ಕಳಿಗೆ ಉಚಿತ ಸಾರಿಗೆ ಅಥವಾ ವಸತಿಯಂಥ ವ್ಯವಸ್ಥೆ ಮಾಡಬೇಕು ಎಂದೂ ಇದೆ. ಮಲೆನಾಡನ್ನೇ ಕಣ್ಣೆದುರು ಇಟ್ಟುಕೊಂಡು ಬರೆದ ಹಾಗಿದೆ, ಅಲ್ವಾ?

ಇಂಥ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆಗೂ ಅವಕಾಶವಿದೆ. 2018-19ರಲ್ಲಿ ಶುರುವಾದಾಗಿನ ಮಾರ್ಗಸೂಚಿಯಲ್ಲಿ ಎಂಟನೇ ತರಗತಿವರೆಗೆ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 6,000 ರೂಪಾಯಿವರೆಗೆ ಎಂದಿತ್ತು. ಇದು ಎಲ್ಲರಿಗೂ ತಾನಾಗಿ ಬರುವ ಹಣವಲ್ಲ. ಮುಖ್ಯ ಶಿಕ್ಷಕರು ಹೆಸರು ಸೇರಿಸಿ ಕಳಿಸಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ, ಅಂದರೆ ಬಿಇಒ ಆಫೀಸಿನಿಂದ, ಅದು ಮೇಲೆ ಹೋಗಬೇಕು. ಯಾರೂ ಕೇಳದಿದ್ದರೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

‘ಆರ್‌ಟಿಇ ಸೀಟು ಸಿಗಲ್ವಾ?’

ಈ ಪ್ರಶ್ನೆ ಇವತ್ತಿಗೂ ಕೇಳುವವರಿದ್ದಾರೆ. 2012-13ರಿಂದ ಕೆಲವು ವರ್ಷ ಖಾಸಗಿ ಶಾಲೆಗಳಲ್ಲಿ ಶೇ 25 ಸೀಟುಗಳಿಗೆ ಲಾಟರಿ ಎತ್ತಿ ಬಡ ಮಕ್ಕಳಿಗೆ ಕೊಡುತ್ತಿದ್ದರು. ನಿಮ್ಮ ಮನೆಗೆಲಸದಾಕೆಯ ಮಗಳಿಗೂ ಹಾಗೆ ಸೀಟು ಸಿಕ್ಕಿರಬಹುದು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಈ ಸೀಟಿಲ್ಲ ಎಂದಾಯಿತು. ಅದೇ ವರ್ಷ ಹೈಕೋರ್ಟ್ ಕೂಡ ಈ ಬದಲಾವಣೆಯನ್ನು ಎತ್ತಿಹಿಡಿಯಿತು. ಅಲ್ಲಿಂದ ಈಚೆಗೆ ಇಂಥ ಸೀಟುಗಳು ಬಹಳ ವಿರಳವಾದವು.

ಆದರೆ ಅದೇ ಕಾಯ್ದೆಯ ಉಳಿದ ಮಾತುಗಳನ್ನು ಮರೆಯಬೇಡಿ. ಪ್ರವೇಶಕ್ಕೆ ಮಗುವಿಗಾಗಲಿ, ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವ ಹಾಗಿಲ್ಲ. ಕ್ಯಾಪಿಟೇಷನ್ ಶುಲ್ಕ ಕೇಳುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂದು ಪ್ರವೇಶ ನಿರಾಕರಿಸುವ ಹಾಗಿಲ್ಲ. ಟಿ.ಸಿ. ತಡವಾಯಿತು ಎಂಬುದೂ ಸರ್ಕಾರಿ, ಅನುದಾನಿತ ಶಾಲೆಗೆ ಸೇರಿಸಿಕೊಳ್ಳದಿರಲು ಕಾರಣವಲ್ಲ. ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು 9ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಇದು ನಮಗೇಕೆ ಅಂತೀರಾ? ನಮ್ಮ ತೋಟಗಳ ಲೈನ್ ಮನೆಗಳನ್ನು ನೋಡಿ. ಅಸ್ಸಾಂನಿಂದ, ಬಿಹಾರದಿಂದ, ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳಿವೆ. ಕಾಫಿ ಕೊಯ್ಲಿಗೆ ಬರುವವರು ಜೂನ್ ತಿಂಗಳಿಗೆ ಬರುವುದಿಲ್ಲ, ಕೊಯ್ಲಿನ ಹೊತ್ತಿಗೆ ಬರುತ್ತಾರೆ. ‘ಈಗ ಬಂದ್ರೆ ಹೇಗೆ ಸೇರಿಸೋದು?’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ವರ್ಷದ ಮಧ್ಯದಲ್ಲಿ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು. ನಿಮ್ಮ ಮನೆಯದೇ ತೋಟವಿದ್ದರೆ, ಲೈನಿನಲ್ಲಿ ಎಷ್ಟು ಮಕ್ಕಳಿವೆ, ಎಷ್ಟು ಶಾಲೆಗೆ ಹೋಗುತ್ತಿವೆ ಎಂದು ರೈಟರನ್ನು ಒಂದು ಸಲ ಕೇಳಿ. ಉತ್ತರ ಕೇಳಿ ನೀವೇ ಬೆಚ್ಚಬಹುದು.

ವಯಸ್ಸಿನ ಲೆಕ್ಕ

ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ಸರ್ಕಾರ 2022ರ ಜುಲೈನಲ್ಲಿ ಆದೇಶ ಮಾಡಿತು. ಅದನ್ನು 2025-26ರಿಂದ ಜಾರಿ ಮಾಡುವುದಾಗಿ ಹೇಳಿ, ಪೋಷಕರ ಒತ್ತಾಯ ಹೆಚ್ಚಾದಾಗ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ, ಯುಕೆಜಿ ಮುಗಿಸಿದ ಮಕ್ಕಳಿಗೆ, 5 ವರ್ಷ 5 ತಿಂಗಳಿಗೆ ಸಡಿಲಿಸಿತು. ನೀವು ಸೇರಿಸುವ ವರ್ಷದ ಸುತ್ತೋಲೆಯನ್ನು ಬಿಇಒ ಆಫೀಸಿನಲ್ಲಿ ನೋಡಿಕೊಳ್ಳಿ.

ನಿಯಮ ಏನೇ ಇರಲಿ, ತಾಯಿಯಾಗಿ ಇನ್ನೊಂದು ಲೆಕ್ಕವನ್ನೂ ಹಾಕಿ. ಐದೂವರೆ ವರ್ಷದ ಮಗು ಒಂದು ಗಂಟೆ ವ್ಯಾನಿನಲ್ಲಿ ತಿರುವು ರಸ್ತೆಯಲ್ಲಿ ಹೋಗಬೇಕೇ? ಮೂತ್ರ ಬಂದರೆ ಹೇಳುವ ಧೈರ್ಯ ಇದೆಯೇ? ವಾಂತಿಯಾದರೆ ನೋಡುವವರಿದ್ದಾರೆಯೇ? ‘ಒಂದು ವರ್ಷ ಹಾಳಾಗ್ತದೆ’ ಎಂದು ಅವಸರ ಮಾಡುವ ಅಜ್ಜಿ ತಾತಂದಿರಿಗೆ ಈ ಪ್ರಶ್ನೆ ಕೇಳಿ ನೋಡಿ, ಅವರೇ ಸುಮ್ಮನಾಗುತ್ತಾರೆ.

ಬಸ್ಸಿನ ಕಥೆ

ಕೊಪ್ಪ, ಬಾಳೆಹೊನ್ನೂರು, ಕಳಸದ ಕಡೆ ಬೆಳೆದವರಿಗೆ ‘ಸಹಕಾರ ಸಾರಿಗೆ’ ಎಂದರೆ ಇವತ್ತಿಗೂ ಕಣ್ಣಲ್ಲಿ ನೀರು ಬರುತ್ತದೆ. 1991ರಲ್ಲಿ ಕೊಪ್ಪದಲ್ಲಿ ಬಸ್ ಕೆಲಸಗಾರರೇ ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ಲಾಭದ ದಾರಿಯಲ್ಲದ ಮೂಲೆಯ ಊರುಗಳಿಗೂ ಬಸ್ ಓಡಿಸಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟಿತು. ಎಷ್ಟು ಹೆಣ್ಣುಮಕ್ಕಳು ಆ ಬಸ್ಸಿನಿಂದಾಗಿ ಹೈಸ್ಕೂಲು, ಕಾಲೇಜು ಮುಗಿಸಿದರು! ನಷ್ಟದಿಂದ 2020ರ ಫೆಬ್ರುವರಿಯಲ್ಲಿ ಅದು ಓಡಾಟ ನಿಲ್ಲಿಸಿತು. ಮುಂದಿನ ತಿಂಗಳೇ ಕೊರೊನಾ ಬಂದು ಶಾಲೆಗಳೂ ಮುಚ್ಚಿದವು. ಮಕ್ಕಳು ಮತ್ತೆ ಶಾಲೆಗೆ ಹೊರಟಾಗ ಶಾಲೆ ಇತ್ತು, ಸಹಕಾರ ಸಾರಿಗೆ ಬಸ್ಸು ಇರಲಿಲ್ಲ.

ಒಂದು ಬಸ್ಸು ನಿಂತರೆ ಒಂದು ಹುಡುಗಿಯ ಓದು ನಿಲ್ಲುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲ. ಮನೆಯಲ್ಲಿ ಮಗ, ಮಗಳು ಇಬ್ಬರೂ ಇದ್ದಾಗ, ‘ಕತ್ತಲಾಗ್ತದೆ, ನೀನು ಬೇಡ’ ಎಂಬ ಮಾತು ಯಾರಿಗೆ ಮೊದಲು ಬರುತ್ತದೆ ಎಂದು ನಿಮಗೇ ಗೊತ್ತು.

ಈಗಿನ ಲೆಕ್ಕ ಹೀಗಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಗುರುತಿನ ಚೀಟಿ ಮಾತ್ರ ಜೊತೆಗಿರಬೇಕು. ಗಂಡುಮಕ್ಕಳಿಗೆ ಪಾಸು ಬೇಕೇ ಬೇಕು. 2023-24ರಲ್ಲಿ ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸಿಗೆ ಪ್ರಾಥಮಿಕ ಶಾಲೆಯವರಿಗೆ 150 ರೂಪಾಯಿ, ಹೈಸ್ಕೂಲ್ ಹುಡುಗರಿಗೆ 750 ರೂಪಾಯಿ ಇತ್ತು. ಅರ್ಜಿ ಹಾಕುವುದು ಸೇವಾ ಸಿಂಧು ಮೂಲಕ. ಶಾಲೆ ಶುರುವಾದ ಮೊದಲ ವಾರದಲ್ಲೇ ಹಾಕಿಬಿಡಿ, ಆಮೇಲೆ ಸರದಿ ಉದ್ದ.

ಆದರೆ ಇಲ್ಲೊಂದು ಗಂಟಿದೆ. ಶಕ್ತಿಯೂ ಈ ಪಾಸೂ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಕಡೆ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಮಕ್ಕಳಿಗೆ ರಿಯಾಯಿತಿ ಇದೆಯೇ, ಎಷ್ಟು, ಸಂಜೆಯ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ಅಡ್ಮಿಷನ್‌ಗೆ ಮೊದಲೇ ವಿಚಾರಿಸಿ. ತಿಂಗಳ ಬಸ್ ಖರ್ಚನ್ನು ಶಾಲಾ ಶುಲ್ಕದ ಜೊತೆಗೇ ಬರೆದು ಕೂಡಿಸಿ. ‘ಕಡಿಮೆ ಫೀಸಿನ’ ದೂರದ ಶಾಲೆ, ‘ಹೆಚ್ಚು ಫೀಸಿನ’ ಹತ್ತಿರದ ಶಾಲೆಗಿಂತ ದುಬಾರಿಯಾಗುವುದು ಹೀಗೆ.

ಸೈಕಲ್ ಇಲ್ವಾ ಅಂತ ಕೇಳಬಹುದು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ 2006-07ರಿಂದ ಉಚಿತ ಸೈಕಲ್ ಕೊಡುತ್ತಿದ್ದರು. ಕೊರೊನಾ ಕಾಲದಲ್ಲಿ, 2020-21ರಿಂದ, ಅದು ನಿಂತಿತು. ಬಯಲುಸೀಮೆಯ ಹುಡುಗಿಯರಿಗೆ ಅದು ರೆಕ್ಕೆ ಕೊಟ್ಟಿದ್ದು ನಿಜ. ನಮ್ಮ ಏರುದಾರಿಯಲ್ಲಿ ಮಾತ್ರ ಮಕ್ಕಳು ಸೈಕಲ್ ಹೊಡೆದದ್ದಕ್ಕಿಂತ ತಳ್ಳಿಕೊಂಡು ಹೋದದ್ದೇ ಹೆಚ್ಚು!

ವ್ಯಾನು, ಜೀಪು ಹತ್ತಿಸುವ ಮುನ್ನ

ಪೇಟೆಯ ತಾಯಂದಿರಿಗೆ ಇದು ದಿನದ ಚಿಂತೆ. ಹಾರ್ನ್ ಕೇಳಿದ ಕೂಡಲೇ ಟಿಫನ್ ಬಾಕ್ಸ್ ತುರುಕಿ ಮಗುವನ್ನು ಹತ್ತಿಸಿ ‘ಟಾಟಾ’ ಮಾಡಿ ಒಳಗೆ ಬರುತ್ತೇವೆ. ಒಳಗೆ ಎಷ್ಟು ಮಕ್ಕಳಿವೆ ಎಂದು ಎಣಿಸಿದ್ದೀರಾ?

ಶಾಲಾ ವಾಹನಗಳ ಬಗ್ಗೆ ಸುಪ್ರೀಂ ಕೋರ್ಟ್ 1997ರಲ್ಲೇ ನಿರ್ದೇಶನ ಕೊಟ್ಟಿತ್ತು. ಮಕ್ಕಳನ್ನು ಸಾಗಿಸುವ ವಾಹನಗಳಿಗೆಂದೇ ನಮ್ಮ ರಾಜ್ಯದ ನಿಯಮ 2012ರಲ್ಲಿ ಬಂತು. ಒಂದು ದಿನ ಬಿಡುವು ಮಾಡಿಕೊಂಡು ಇಷ್ಟನ್ನು ನೋಡಿ.

* ಹಳದಿ ಬಣ್ಣ, ಶಾಲೆಯ ಹೆಸರು, ಫೋನ್ ನಂಬರು ಹೊರಗೆ ಬರೆದಿದೆಯೇ?
* ಗಂಟೆಗೆ 40 ಕಿ.ಮೀ. ಮೀರದ ಹಾಗೆ ವೇಗ ನಿಯಂತ್ರಕ ಇದೆಯೇ?
* ಕಿಟಕಿಗೆ ಅಡ್ಡ ಸರಳು, ಬಾಗಿಲಿಗೆ ಸರಿಯಾದ ಚಿಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಾಧನ ಇವೆಯೇ?
* ಡ್ರೈವರ್ ಅಲ್ಲದೆ ಮಕ್ಕಳನ್ನು ಇಳಿಸಿ ಹತ್ತಿಸಲು ಇನ್ನೊಬ್ಬರು ಇದ್ದಾರೆಯೇ?
* ಡ್ರೈವರ್ ರಜೆ ಹಾಕಿದ ದಿನ ಬರುವವರು ಯಾರು? ಅವರ ನಂಬರು ನಿಮ್ಮಲ್ಲಿದೆಯೇ?

ಕೊನೆಯದು ಯಾವ ನಿಯಮದಲ್ಲೂ ಇಲ್ಲ, ತಾಯಿಯ ನಿಯಮ. ‘ಎಲ್ರೂ ಕಳಿಸ್ತಾರೆ, ನಾನೊಬ್ಳೇ ಕೇಳಿದ್ರೆ ಜಗಳಗಂಟಿ ಅಂತಾರೆ’ ಎಂಬ ಸಂಕೋಚ ಬೇಡ. ನಾಲ್ಕು ತಾಯಂದಿರು ಒಟ್ಟಿಗೆ ಹೋಗಿ ಮೆಲ್ಲಗೆ ಕೇಳಿ. ಜನ ಹೆಚ್ಚಾದರೆ ಉತ್ತರವೂ ಬೇಗ ಬರುತ್ತದೆ.

ಕಾಲುಸಂಕ ಮತ್ತು ಮಳೆಯ ರಜೆ

2022ರ ಜುಲೈ. ಚಿಕ್ಕಮಗಳೂರು ತಾಲ್ಲೂಕಿನಲ್ಲೇ ಒಂದನೇ ತರಗತಿಯ ಪುಟ್ಟ ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ತುಂಬಿ ಹರಿಯುತ್ತಿದ್ದ ಹಳ್ಳದ ಪಾಲಾದಳು. ಅದೇ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯ ಬೈಂದೂರು ಕಡೆ ಕಾಲುಸಂಕ ದಾಟುವಾಗ ಕಾಲುಜಾರಿ ಇನ್ನೊಂದು ಮಗು ಹೋಯಿತು. ಆ ಮಕ್ಕಳಿಗೆ ಶಾಲೆಯಲ್ಲಿ ಸೀಟು ಇತ್ತು. ಪುಸ್ತಕ, ಸಮವಸ್ತ್ರ, ಬಿಸಿಯೂಟ ಎಲ್ಲ ಇತ್ತು. ಇಲ್ಲದೇ ಇದ್ದದ್ದು ನೆಮ್ಮದಿಯ ದಾರಿ ಒಂದೇ.

ಮಲೆನಾಡು, ಕರಾವಳಿಯ ಮಕ್ಕಳಿಗೆಂದೇ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನು ಸರ್ಕಾರ 2017-18ರಲ್ಲಿ ತಂದು, ಕಾಲುಸಂಕಗಳ ಜಾಗದಲ್ಲಿ ಸಣ್ಣ ಸೇತುವೆಗಳನ್ನು ಕಟ್ಟಿಸಿತು. ಎಲ್ಲ ಹಳ್ಳಕ್ಕೂ ಅದು ಮುಟ್ಟಿಲ್ಲ. ನಿಮ್ಮ ತವರಿನ, ನಿಮ್ಮ ತೋಟದ ದಾರಿಯಲ್ಲಿ ಇನ್ನೂ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ ಇದ್ದರೆ, ಬೇಸಿಗೆಯಲ್ಲೇ ಅದರ ಫೋಟೋ ತೆಗೆದಿಟ್ಟುಕೊಂಡು ಪಂಚಾಯಿತಿಗೆ ಅರ್ಜಿ ಕೊಡಿ. ಮಳೆಗಾಲದಲ್ಲಿ ಕೊಟ್ಟರೆ ಕೆಲಸ ಮಾಡಲು ಆಗುವುದಿಲ್ಲ, ಬೇಸಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅದೇ ತೊಂದರೆ.

ಜೋರು ಮಳೆಗೆ ಜಿಲ್ಲಾಧಿಕಾರಿಗಳು ತಾಲ್ಲೂಕು, ಹೋಬಳಿ ನೋಡಿ ರಜೆ ಕೊಡುತ್ತಾರೆ. ಮೂಡಿಗೆರೆ, ಕಳಸಕ್ಕೆ ರಜೆ ಇದ್ದು ಕಡೂರಿಗೆ ಇಲ್ಲದಿರಬಹುದು. ಚಿಕ್ಕಮಗಳೂರು ತಾಲ್ಲೂಕಿನಲ್ಲೇ ಒಂದು ಹೋಬಳಿಗೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ವರ್ಷದ ಆದೇಶವೂ ತೇಲಿ ಬರುತ್ತದೆ, ತಾರೀಖು ನೋಡಿ. ಅನುಮಾನವಿದ್ದರೆ ಕ್ಲಾಸ್ ಟೀಚರಿಗೆ ಫೋನ್ ಮಾಡಿ. ರಜೆ ಇಲ್ಲದಿದ್ದರೂ ಹಳ್ಳ ತುಂಬಿದ್ದರೆ ಮಗುವನ್ನು ಕಳಿಸಬೇಡಿ. ಹಾಜರಿ ಒಂದು ದಿನ ಕಡಿಮೆಯಾದರೆ ಆಕಾಶ ಕಳಚಿ ಬೀಳುವುದಿಲ್ಲ. ಮೂಡಿಗೆರೆ ಕಡೆ ಆನೆ ಓಡಾಟದ ಸುದ್ದಿ ಇದ್ದ ದಿನಕ್ಕೂ ಇದೇ ಮಾತು.

ಮಳೆಗಾಲದ ಬ್ಯಾಗಿನಲ್ಲಿ ಒಂದು ಜೊತೆ ಒಣ ಸಾಕ್ಸ್, ಪುಸ್ತಕಕ್ಕೆ ಗಟ್ಟಿ ಪ್ಲಾಸ್ಟಿಕ್ ಕವರು, ಇಂಬಳಕ್ಕೆ ಒಂದು ಚಿಟಿಕೆ ಉಪ್ಪಿನ ಪೊಟ್ಟಣ ಇರಲಿ. ಮನೆಯ ಫೋನ್ ನಂಬರು ಮಗುವಿಗೆ ಬಾಯಿಪಾಠವಾಗಿರಲಿ.

ಯಾರನ್ನು, ಹೇಗೆ ಕೇಳಬೇಕು?

‘ನಾವು ಹೆಂಗಸರು ಹೇಳಿದ್ರೆ ಯಾರು ಕೇಳ್ತಾರೆ?’ ಎನ್ನಬೇಡಿ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಸಭೆಗೆ ಹೋಗಿ, ‘ಮಕ್ಕಳು ಬರುವ ದಾರಿ’ ಎಂಬುದನ್ನು ಒಂದು ವಿಷಯವಾಗಿ ಬರೆಸಿ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸುವ ಪದ್ಧತಿಯೂ ಇದೆ. ಸಂಕ ಬೇಕು, ಬಸ್ ಬೇಕು ಎಂದು ಮಕ್ಕಳೇ ಎದ್ದು ನಿಂತು ಹೇಳಿದರೆ ಅದರ ತೂಕವೇ ಬೇರೆ.

ಸರ್ಕಾರಿ ಬಸ್ಸಿನ ಸಮಯ, ಹೊಸ ಟ್ರಿಪ್, ಕೋರಿಕೆ ನಿಲುಗಡೆ ಬೇಕಾದರೆ ಡಿಪೊ ಮ್ಯಾನೇಜರ್‌ಗೆ ಬರೆಯಿರಿ. ಮೂಡಿಗೆರೆಯಲ್ಲಿ ಡಿಪೊ ಇದೆ. ಅವರ ಮೇಲೆ ಚಿಕ್ಕಮಗಳೂರಿನ ವಿಭಾಗೀಯ ನಿಯಂತ್ರಣಾಧಿಕಾರಿ. ಖಾಸಗಿ ಬಸ್ಸಿನ ಪರ್ಮಿಟ್, ಸಮಯದ ವಿಷಯವಾದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪ್ರವೇಶ, ಸಾರಿಗೆ ಭತ್ಯೆಗೆ ಬಿಇಒ. ಆರ್‌ಟಿಇ ಹಕ್ಕಿಗೆ ಸಂಬಂಧಿಸಿದ ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಬರೆದುಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಸಮಾಧಾನವಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಮಗುವಿಗೆ ತುರ್ತು ಸಹಾಯ ಬೇಕಾದರೆ 1098.

ಅರ್ಜಿಯಲ್ಲಿ ಗೋಳು ಬೇಡ, ಲೆಕ್ಕ ಇರಲಿ. ಹೀಗೆ: ‘ನಮ್ಮ ಊರಿನಿಂದ 14 ಮಕ್ಕಳು ಹೈಸ್ಕೂಲಿಗೆ ಹೋಗುತ್ತಿದ್ದು, ಇವರಲ್ಲಿ 9 ಮಂದಿ ಬಾಲಕಿಯರಾಗಿರುತ್ತಾರೆ. ಶಾಲೆ 4.30ಕ್ಕೆ ಬಿಡುತ್ತಿದ್ದು, ಬಸ್ 4.20ಕ್ಕೆ ಹೋಗುತ್ತದೆ. ಮುಂದಿನ ಬಸ್ 6.15ಕ್ಕೆ. ಬಸ್ಸನ್ನು 20 ನಿಮಿಷ ತಡವಾಗಿ ಬಿಡಬೇಕೆಂದು ಕೋರುತ್ತೇವೆ.’ ಜೊತೆಗೆ ಮಕ್ಕಳ ಪಟ್ಟಿ, ಪೋಷಕರ ಸಹಿ, ಮುಖ್ಯ ಶಿಕ್ಷಕರ ಸೀಲು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಇಪ್ಪತ್ತು ನಿಮಿಷಕ್ಕೆ ಸರ್ಕಾರದ ಖಜಾನೆ ಬರಿದಾಗುವುದಿಲ್ಲ. ಕೇಳುವವರಿಲ್ಲದೆ ಎಷ್ಟೋ ವರ್ಷ ಹಾಗೇ ಉಳಿದಿರುತ್ತದೆ, ಅಷ್ಟೆ.

ಇಂಥ ಅರ್ಜಿ ಬರೆಯಲು ಲೈನ್ ಮನೆಯ ತಾಯಿಗೆ ಬರುವುದಿಲ್ಲ. ನಿಮಗೆ ಬರುತ್ತದೆ. ಮಧ್ಯಾಹ್ನದ ಧಾರಾವಾಹಿಯ ಒಂದು ಕಂತಿನ ಹೊತ್ತು ಸಾಕು.

ಹತ್ತಿರದ ಪುಟ್ಟ ಶಾಲೆ, ದೂರದ ದೊಡ್ಡ ಶಾಲೆ

ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಕಷ್ಟದ್ದು. ಊರಿನ ಶಾಲೆಯಲ್ಲಿ ಹತ್ತೋ ಹನ್ನೆರಡೋ ಮಕ್ಕಳು, ಇಬ್ಬರು ಶಿಕ್ಷಕರು. ಪೇಟೆಯಲ್ಲಿ ಇಂಗ್ಲಿಷ್ ಮೀಡಿಯಂ, ಕಂಪ್ಯೂಟರ್, ಬ್ಯಾಂಡ್ ಸೆಟ್. ನಮ್ಮ ಮಗುವನ್ನು ಪೇಟೆಗೆ ಕಳಿಸುತ್ತೇವೆ. ಮರುವರ್ಷ ಪಕ್ಕದ ಮನೆಯವರೂ ಕಳಿಸುತ್ತಾರೆ. ಶಾಲೆಯಲ್ಲಿ ಐದು ಮಕ್ಕಳು ಉಳಿಯುತ್ತವೆ. ಆಮೇಲೆ ಮುಚ್ಚುವ ಮಾತು ಬರುತ್ತದೆ. 2011-12ರಲ್ಲಿ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸುವ ಪ್ರಸ್ತಾಪಕ್ಕೆ ರಾಜ್ಯದಲ್ಲಿ ದೊಡ್ಡ ವಿರೋಧವೇ ಬಂತು. 2018-19ರಿಂದ ಒಂದೇ ಆವರಣದಲ್ಲಿ ಪಿಯುಸಿವರೆಗೆ ಓದುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. 2025ರಲ್ಲಿ ಅವನ್ನು ನೂರಾರು ಕಡೆಗೆ ಹೆಚ್ಚಿಸುವ ನಿರ್ಧಾರವಾದಾಗ, ಸುತ್ತಲಿನ ಸಣ್ಣ ಶಾಲೆಗಳ ಗತಿ ಏನು ಎಂಬ ಆತಂಕ ಮತ್ತೆ ಎದ್ದಿತು.

ದೊಡ್ಡ ಶಾಲೆ ತಪ್ಪಲ್ಲ. ಹೆಚ್ಚು ಶಿಕ್ಷಕರು, ಜೊತೆಗಾರರು, ಆಟದ ಬಯಲು ಮಕ್ಕಳಿಗೆ ಬೇಕು. ಆದರೆ ಪುಟ್ಟ ಶಾಲೆ ಮುಚ್ಚುವ ದಿನ ಪಂಚಾಯಿತಿಯಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ‘ಬಸ್ ಎಲ್ಲಿ? ಯಾವತ್ತಿನಿಂದ? ಎಷ್ಟು ವರ್ಷದವರೆಗೆ?’ ನಮ್ಮ ಮಕ್ಕಳಿಗೆ ವ್ಯಾನ್ ಇರುತ್ತದೆ. ಶಾಲೆ ಮುಚ್ಚಿದ ಮೇಲೆ ನಡೆದು ಹೋಗಬೇಕಾದವರು ಲೈನ್ ಮನೆಯ ಮಕ್ಕಳು.

ನಿಮ್ಮ ಮಗು ಇನ್ನೂ ಚಿಕ್ಕದಿದ್ದರೆ, ನಾಲ್ಕನೆಯದೋ ಐದನೆಯದೋ ತರಗತಿವರೆಗೆ ಹತ್ತಿರದ ಶಾಲೆಯಲ್ಲೇ ಓದಿಸಿ, ಆಮೇಲೆ ದೂರಕ್ಕೆ ಕಳಿಸುವ ದಾರಿಯೂ ಇದೆ. ಆರನೇ ತರಗತಿಗೆ ಪರೀಕ್ಷೆ ಬರೆದು ಸೇರುವ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯ ಬಾಳೆಹೊನ್ನೂರು ಬಳಿಯ ಸೀಗೋಡಿನಲ್ಲಿದೆ. ಅಲ್ಲಿ ಕನಿಷ್ಠ ಶೇ 75 ಸೀಟು ಹಳ್ಳಿಯ ಮಕ್ಕಳಿಗೇ. ವಸತಿ ಶಾಲೆಯಲ್ಲಿ ದಿನದ ದಾರಿಯ ಚಿಂತೆ ಇಲ್ಲ. ಆದರೆ ಹತ್ತು ಹನ್ನೊಂದರ ಮಗು ಮನೆ ಬಿಟ್ಟಿರಲು ತಯಾರಿದೆಯೇ ಎಂದು ಮಗುವನ್ನೇ ಕೇಳಿ. ನೆಂಟರನ್ನಲ್ಲ.

ನೆನಪಿರಲಿ

* ಶುಲ್ಕ ಕಟ್ಟುವ ಮೊದಲು ಶಾಲೆಯ ಹೊತ್ತಿಗೆ ದಾರಿಯಲ್ಲಿ ಹೋಗಿ ಬನ್ನಿ.
* ಮಗು ಚಿಕ್ಕದಿದ್ದಷ್ಟೂ ದಾರಿಯೂ ಚಿಕ್ಕದಿರಲಿ.
* ಸಂಜೆಯ ಕೊನೆಯ ಬಸ್ಸಿನ ಸಮಯ ತಿಳಿಯದೆ ಸೀಟು ಒಪ್ಪಬೇಡಿ.
* ಪಾಸಿನ ಅರ್ಜಿ ಮೊದಲ ವಾರದಲ್ಲೇ ಹಾಕಿ.
* ಸಂಕ, ರಸ್ತೆಯ ಅರ್ಜಿ ಬೇಸಿಗೆಯಲ್ಲಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ.
* ಮಗು ‘ಇವತ್ತು ಹೋಗಲ್ಲ’ ಎಂದು ದಿನಾ ಹಟ ಮಾಡಿದರೆ, ಗದರುವ ಮೊದಲು ದಾರಿಯಲ್ಲಿ ಏನಾಗುತ್ತಿದೆ ಎಂದು ವಿಚಾರಿಸಿ.

ಬರುವ ಮೇ ತಿಂಗಳಲ್ಲಿ ಗೆಳತಿ ಫೋನ್ ಮಾಡಿ ‘ಹೋಗೋದು ಹೇಗೆ?’ ಎಂದು ಕೇಳಿದಾಗ ನಿಮ್ಮಲ್ಲಿ ಉತ್ತರ ಇರಲಿ: ‘7.50ರ ಬಸ್ಸು. ಸಂಜೆ 4.40ಕ್ಕೆ ವಾಪಸ್ ಉಂಟು. ನಾವೇ ಹೋಗಿ ಕೇಳಿ ಹಾಕಿಸ್ಕೊಂಡಿದ್ದು.’ ‘ಏನಾದ್ರೂ ಆಗ್ತದೆ’ ಎಂಬುದು ಮಲೆನಾಡಿನ ಮಳೆಗೆ ಸಾಕಾಗುವ ಉತ್ತರವಲ್ಲ.